ಬುಗುರಿಯಂತಿರುವ ನ್ಯೂಕ್ಲಿಯಸ್

ಪಿಯುಸಿಯ ಭೌತಶಾಸ್ತ್ರ ಪುಸ್ತಕದಲ್ಲಿ ಪರಮಾಣುವಿನ ನ್ಯೂಕ್ಲಿಯಸ್ ಎಂದರೆ ಬೂಂದಿ ಲಾಡು. ಒಂದು ಬಣ್ಣದ ಕಾಳು ಪ್ರೋಟಾನ್, ಇನ್ನೊಂದು ಬಣ್ಣದ ಕಾಳು ನ್ಯೂಟ್ರಾನ್, ಎಲ್ಲವನ್ನೂ ಸೇರಿಸಿ ಗುಂಡಗೆ ಕಟ್ಟಿದ ಉಂಡೆ. ಪಕ್ಕದಲ್ಲೇ ತ್ರಿಜ್ಯದ ಸೂತ್ರವಿರುತ್ತದೆ: ಒಳಗಿರುವ ಕಣಗಳ ಸಂಖ್ಯೆಯ ಘನಮೂಲವನ್ನು 1.2 ಫೆಮ್ಟೊಮೀಟರಿನಿಂದ ಗುಣಿಸಿ. ಒಳಗೆ 224 ಕಣಗಳಿರುವ ರೇಡಿಯಂ-224ಕ್ಕೆ ಹಾಗೆ ಗುಣಿಸಿದರೆ 7.3 ಫೆಮ್ಟೊಮೀಟರ್ ಬರುತ್ತದೆ. ಒಂದು ಫೆಮ್ಟೊಮೀಟರ್ ಎಂದರೆ ಮಿಲಿಮೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು.

ಸೂತ್ರ ತಪ್ಪಲ್ಲ. ಆದರೆ ‘ತ್ರಿಜ್ಯ’ ಎಂದ ಕೂಡಲೇ ವಸ್ತು ಗುಂಡಗಿದೆ ಎಂದು ನಾವು ಕೇಳದೆಯೇ ಒಪ್ಪಿಕೊಂಡುಬಿಡುತ್ತೇವೆ. ನಿಜಕ್ಕೂ ಗುಂಡಗಿರುವ ನ್ಯೂಕ್ಲಿಯಸ್‌ಗಳು ಅಲ್ಪಸಂಖ್ಯಾತರು. ಬಹುಪಾಲು ನ್ಯೂಕ್ಲಿಯಸ್‌ಗಳು ನೇರಳೆ ಹಣ್ಣಿನಂತೆ ಉದ್ದಕ್ಕೆ ಎಳೆದಂತಿರುತ್ತವೆ. ಕೆಲವು ಇಡ್ಲಿಯಂತೆ ಒತ್ತಿಕೊಂಡಿರುತ್ತವೆ. ಉದ್ದ, ಅಗಲ, ದಪ್ಪ ಮೂರೂ ಬೇರೆಬೇರೆಯಾಗಿ, ಸವೆದ ಸಾಬೂನಿನ ಬಿಲ್ಲೆಯನ್ನು ನೆನಪಿಸುವಂಥವೂ ಇವೆ. ಈ ಮೂರು ಬಗೆಗಳಿಗೂ ಒಂದು ಗುಣ ಸಮಾನ: ನಡುವೆ ಕತ್ತರಿಸಿದರೆ ಎರಡು ಹೋಳುಗಳೂ ಒಂದೇ ಥರ. ಈ ತುದಿಯಲ್ಲಿ ಏನಿದೆಯೋ ಆ ತುದಿಯಲ್ಲೂ ಅದೇ.

ಇವುಗಳಾಚೆ ಬಲು ಅಪರೂಪದ ಇನ್ನೊಂದು ಬಗೆಯಿದೆ. ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ವಿಜ್ಞಾನಿಗಳು ಇದನ್ನು ಪೇರ್ ಹಣ್ಣಿಗೆ ಹೋಲಿಸುತ್ತಾರೆ. ನಮ್ಮಲ್ಲಿ ಪೇರಲ ಎಂದರೆ ಸೀಬೆ, ಅದು ಗುಂಡಗಿನ ಹಣ್ಣು; ಹಾಗಾಗಿ ಆ ಹೋಲಿಕೆ ಕನ್ನಡದಲ್ಲಿ ದಾರಿ ತಪ್ಪಿಸುತ್ತದೆ. ನಾನು ಬುಗುರಿ ಎನ್ನುತ್ತೇನೆ. ಬುಗುರಿಯ ಮೊಳೆಯಷ್ಟು ಚೂಪು ಅಲ್ಲಿ ಇಲ್ಲ ಎಂಬುದನ್ನು ಮಾತ್ರ ನೆನಪಿಡಬೇಕು. ರೇಡಿಯಂ-224ರಲ್ಲಿ ಅಳೆದಿರುವ ಅಸಮತೆಯನ್ನು ಉದ್ದಕ್ಕೆ ಪರಿವರ್ತಿಸಿ ನೋಡಿದರೆ, ಸಣ್ಣ ತುದಿ ದಪ್ಪ ತುದಿಗಿಂತ ಹೊರಗೆ ಚಾಚಿರುವುದು ಸುಮಾರು ಒಂದು ಫೆಮ್ಟೊಮೀಟರ್. ಹದಿನೈದು ಫೆಮ್ಟೊಮೀಟರಿನ ಆಸುಪಾಸಿನ ವಸ್ತುವಿನಲ್ಲಿ ಒಂದು. ಮೃದುವಾದ ಬುಗುರಿ. ಆದರೆ ಆ ಒಂದು ಫೆಮ್ಟೊಮೀಟರನ್ನು ಖಚಿತಪಡಿಸಿಕೊಳ್ಳಲು ಅರವತ್ತು ವರ್ಷ ಬೇಕಾಯಿತು.

ಗುಂಡಗಿಲ್ಲದ ನ್ಯೂಕ್ಲಿಯಸ್‌ನ ಮೊದಲ ಸುಳಿವು ಸಿಕ್ಕಿದ್ದು 1935ರಲ್ಲಿ, ಜರ್ಮನಿಯಲ್ಲಿ. ಹೆರ್ಮನ್ ಶ್ಯೂಲರ್ ಮತ್ತು ಥಿಯೋಡೋರ್ ಶ್ಮಿಟ್ ಯುರೋಪಿಯಂ ಪರಮಾಣು ಹೊಮ್ಮಿಸುವ ಬೆಳಕಿನ ಗೆರೆಗಳನ್ನು ಬಹಳ ಸೂಕ್ಷ್ಮವಾಗಿ ಅಳೆದಾಗ, ಗೆರೆಗಳು ಇರಬೇಕಾದ ಜಾಗದಿಂದ ಕೂದಲೆಳೆಯಷ್ಟು ಸರಿದಿದ್ದವು. ಒಳಗಿನ ವಿದ್ಯುದಾವೇಶ ಗೋಳಾಕಾರದಲ್ಲಿ ಹರಡಿಲ್ಲ ಎಂದುಕೊಂಡರೆ ಮಾತ್ರ ಲೆಕ್ಕ ಕೂಡುತ್ತಿತ್ತು.

ಹೀಗೇಕೆ ಎಂಬ ಪ್ರಶ್ನೆಗೆ ಉತ್ತರ ಬರುವ ಹೊತ್ತಿಗೆ ಇಸವಿ 1950 ಆಗಿತ್ತು. ಅಷ್ಟರಲ್ಲಿ ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ಶೆಲ್ ಮಾದರಿಯನ್ನು ಕೊಟ್ಟಿದ್ದರು. ಪರಮಾಣುವಿನಲ್ಲಿ ಎಲೆಕ್ಟ್ರಾನ್‌ಗಳಿಗೆ ಶೆಲ್‌ಗಳಿರುವಂತೆ ನ್ಯೂಕ್ಲಿಯಸ್‌ನೊಳಗಿನ ಪ್ರೋಟಾನ್, ನ್ಯೂಟ್ರಾನ್‌ಗಳಿಗೂ ಇವೆ. 2, 8, 20, 28, 50, 82, 126 ಎಂಬ ಸಂಖ್ಯೆಗಳಲ್ಲಿ ಶೆಲ್ ತುಂಬುತ್ತದೆ. ತುಂಬಿದ ಶೆಲ್ ಇದ್ದರೆ ನ್ಯೂಕ್ಲಿಯಸ್ ಗುಂಡಗೆ ಕೂರುತ್ತದೆ. ತುಂಬಿದ ಮೇಲೆ ಇನ್ನೂ ಕೆಲವು ಕಣಗಳು ಹೊರಗುಳಿದರೆ? ಕೊಲಂಬಿಯಾ ವಿಶ್ವವಿದ್ಯಾಲಯದ ಜೇಮ್ಸ್ ರೇನ್‌ವಾಟರ್ ಹೇಳಿದ್ದು ಇದು: ಬಲೂನಿನೊಳಗೆ ಸುತ್ತುವ ಗೋಲಿ ಗೋಡೆಯನ್ನು ಹೊರಕ್ಕೆ ಒತ್ತುವಂತೆ, ಹೊರಗುಳಿದ ಕಣ ತಾನು ಸುತ್ತುವ ದಾರಿಯುದ್ದಕ್ಕೂ ಒಳಗಿನ ಉಂಡೆಯನ್ನು ಒತ್ತಿ ಆಕಾರ ಕೆಡಿಸುತ್ತದೆ. ಆ ವರ್ಷ ಅವರ ಕೊಠಡಿಯಲ್ಲೇ ಜೊತೆಗೆ ಕೂತು ಕೆಲಸ ಮಾಡುತ್ತಿದ್ದವರು ನೀಲ್ಸ್ ಬೋರರ ಮಗ ಓಗೆ ಬೋರ್. ಅವರು ಕೋಪನ್‌ಹೇಗನ್‌ಗೆ ಮರಳಿ ಬೆನ್ ಮಾಟೆಲ್ಸನ್ ಜೊತೆ ಈ ಯೋಚನೆಯನ್ನು ಪೂರ್ಣ ಸಿದ್ಧಾಂತವಾಗಿ ಬೆಳೆಸಿದರು. ಮೂವರಿಗೂ 1975ರಲ್ಲಿ ನೊಬೆಲ್ ಬಂತು.

ರೇನ್‌ವಾಟರರ ಗೋಲಿ ಬಲೂನನ್ನು ಎರಡೂ ಕಡೆ ಸಮವಾಗಿ ಒತ್ತುತ್ತದೆ. ನೇರಳೆಯೂ ಇಡ್ಲಿಯೂ ಹುಟ್ಟುವುದು ಹಾಗೆ. ಬುಗುರಿಗೆ ಇನ್ನೊಂದು ಏರ್ಪಾಡು ಬೇಕು. ಇಲ್ಲಿ ಕ್ವಾಂಟಂ ಅಲೆಗಳ ಸಹವಾಸ ಅನಿವಾರ್ಯ, ಆದರೆ ವಿಷಯ ಸರಳವಾಗಿದೆ. ನ್ಯೂಕ್ಲಿಯಸ್‌ನೊಳಗಿನ ಪ್ರತಿ ಕಣವೂ ಒಂದು ಅಲೆ. ಕೆಲವು ಅಲೆಗಳು ಎಡಕ್ಕೂ ಬಲಕ್ಕೂ ಒಂದೇ ಚಿಹ್ನೆಯವು: ಎಡದಲ್ಲಿ ಉಬ್ಬಿದ್ದರೆ ಬಲದಲ್ಲೂ ಉಬ್ಬು. ಇನ್ನು ಕೆಲವು ವಿರುದ್ಧ ಚಿಹ್ನೆಯವು: ಎಡದಲ್ಲಿ ಉಬ್ಬಿದ್ದರೆ ಬಲದಲ್ಲಿ ತಗ್ಗು. ಒಂದೊಂದನ್ನೇ ತೆಗೆದುಕೊಂಡರೆ ಕಣ ಎರಡೂ ಕಡೆ ಸಮವಾಗಿಯೇ ಹಂಚಿಹೋಗಿರುತ್ತದೆ, ಏಕೆಂದರೆ ಉಬ್ಬಿಗೂ ತಗ್ಗಿಗೂ ಕಣ ಸಿಗುವ ಸಾಧ್ಯತೆ ಒಂದೇ. ಆದರೆ ಈ ಎರಡು ಜಾತಿಯ ಅಲೆಗಳನ್ನು ಕೂಡಿಸಿ ನೋಡಿ. ಎಡದಲ್ಲಿ ಉಬ್ಬಿಗೆ ಉಬ್ಬು ಸೇರಿ ಇಮ್ಮಡಿಯಾಗುತ್ತದೆ, ಬಲದಲ್ಲಿ ಉಬ್ಬೂ ತಗ್ಗೂ ಒಂದನ್ನೊಂದು ಅಳಿಸಿಹಾಕುತ್ತವೆ. ಕಣ ಒಂದೇ ಕಡೆಗೆ ವಾಲಿತು. ಬುಗುರಿಯ ಹುಟ್ಟು ಇದೇ.

ಎಲ್ಲ ನ್ಯೂಕ್ಲಿಯಸ್‌ಗಳೂ ಹೀಗೇಕೆ ಆಗುವುದಿಲ್ಲ? ಆ ಎರಡು ಅಲೆಗಳು ಶಕ್ತಿಯಲ್ಲಿ ಹತ್ತಿರ ಹತ್ತಿರ ಇರಬೇಕು, ಇಲ್ಲದಿದ್ದರೆ ಕೂಡುವುದು ದುಬಾರಿ. ಅವುಗಳ ಕೋನೀಯ ಸಂವೇಗದ ನಡುವೆ ಸರಿಯಾಗಿ ಮೂರು ಘಟಕಗಳ ವ್ಯತ್ಯಾಸವೂ ಇರಬೇಕು. ಪ್ರೋಟಾನ್ ಅಥವಾ ನ್ಯೂಟ್ರಾನ್ ಸಂಖ್ಯೆ 34, 56, 88, 134ರ ಹತ್ತಿರ ಇದ್ದಾಗ ಮಾತ್ರ ಈ ಎರಡೂ ಶರತ್ತುಗಳು ಚೆನ್ನಾಗಿ ಕೂಡಿಬರುತ್ತವೆ. ರೇಡಿಯಂನಲ್ಲಿ 88 ಪ್ರೋಟಾನ್. ರೇಡಿಯಂ-224ರಲ್ಲಿ 136 ನ್ಯೂಟ್ರಾನ್. ಬೇರಿಯಂ-144ರಲ್ಲಿ 56 ಪ್ರೋಟಾನ್, 88 ನ್ಯೂಟ್ರಾನ್. ಬುಗುರಿಗಳನ್ನು ಹುಡುಕಬೇಕಾದ ಊರುಗಳು ಇವೇ ಎಂದು ಲೆಕ್ಕವೇ ತೋರಿಸಿಕೊಟ್ಟಿತು. ಈ ಆಕಾರಕ್ಕೆ ಭೌತಶಾಸ್ತ್ರದಲ್ಲಿ ಅಷ್ಟಧ್ರುವ ವಿರೂಪ ಎನ್ನುತ್ತಾರೆ. ನೇರಳೆ, ಇಡ್ಲಿಗಳದ್ದು ಚತುರ್ಧ್ರುವ ವಿರೂಪ.

ಈಗ ಕಷ್ಟದ ಭಾಗ. ಇಷ್ಟು ಚಿಕ್ಕ ವಸ್ತುವಿನ ಆಕಾರವನ್ನು ಯಾವ ಸೂಕ್ಷ್ಮದರ್ಶಕದಲ್ಲೂ ನೋಡಲಾಗದು. ಅದು ತಿರುಗುವ ರೀತಿಯಿಂದ ಆಕಾರವನ್ನು ಊಹಿಸಬೇಕು. ಅಲ್ಲಿಯೇ ನನ್ನ ಬುಗುರಿ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಅದು ಮುರಿಯುವ ಜಾಗದಲ್ಲೇ ನಮಗೆ ಬೇಕಾದ ಸಾಕ್ಷಿ ಸಿಗುತ್ತದೆ.

ಮಕ್ಕಳು ಚಾಟಿ ಸುತ್ತಿ ಬಿಟ್ಟ ಬುಗುರಿ ತನ್ನ ಉದ್ದನೆಯ ಅಕ್ಷದ ಸುತ್ತ ತಿರುಗುತ್ತದೆ. ನ್ಯೂಕ್ಲಿಯಸ್‌ ಇಡಿಯಾಗಿ ಹಾಗೆ ತಿರುಗಲಾರದು. ಆ ಅಕ್ಷದ ಸುತ್ತ ಎಷ್ಟು ತಿರುಗಿಸಿದರೂ ಅದರ ನೋಟ ಬದಲಾಗುವುದಿಲ್ಲ. ನೋಟ ಬದಲಾಗದ ತಿರುಗುವಿಕೆಯನ್ನು ಕ್ವಾಂಟಂ ಲೋಕ ತಿರುಗುವಿಕೆ ಎಂದು ಎಣಿಸುವುದೇ ಇಲ್ಲ. ಹಾಗಾಗಿ ಅದು ಅಡ್ಡ ಅಕ್ಷದ ಸುತ್ತ, ತಲೆ ಕೆಳಗಾಗಿ ಕಾಲು ಮೇಲಾಗಿ, ಲಾಗ ಹಾಕುತ್ತಾ ತಿರುಗುತ್ತದೆ. ತಿರುಗುವ ವೇಗವೂ ಮೆಟ್ಟಿಲು ಮೆಟ್ಟಿಲಾಗಿ ಮಾತ್ರ ಏರುತ್ತದೆ.

ನೇರಳೆ ಲಾಗ ಹಾಕಿದರೆ ಅರ್ಧ ಸುತ್ತಿಗೇ ಮೊದಲಿನಂತೆ ಕಾಣುತ್ತದೆ. ಈ ಸಮತೆಯ ಪರಿಣಾಮವಾಗಿ ಅದಕ್ಕೆ 0, 2, 4, 6 ಎಂಬ ಸಮ ಸಂಖ್ಯೆಯ ಮೆಟ್ಟಿಲುಗಳು ಮಾತ್ರ ದಕ್ಕುತ್ತವೆ. ಬುಗುರಿಗೆ ಪೂರ್ತಿ ಒಂದು ಸುತ್ತು ಬೇಕು. ಅದಕ್ಕೆ 1, 3, 5 ಎಂಬ ಬೆಸ ಮೆಟ್ಟಿಲುಗಳೂ ಸಿಗುತ್ತವೆ, ಸಮ ಮೆಟ್ಟಿಲುಗಳ ನಡುನಡುವೆ ಹೆಣೆದುಕೊಂಡು. ಪ್ರತಿ ಮೆಟ್ಟಿಲಿನಿಂದ ಇಳಿಯುವಾಗ ನ್ಯೂಕ್ಲಿಯಸ್ ಗಾಮಾ ಕಿರಣ ಹೊಮ್ಮಿಸುತ್ತದೆ. ಅವುಗಳ ಶಕ್ತಿಯನ್ನು ಅಳೆದರೆ ಮೆಟ್ಟಿಲುಗಳ ಎತ್ತರ ತಿಳಿಯುತ್ತದೆ.

1950ರ ದಶಕದ ಆರಂಭದಲ್ಲಿ ಬರ್ಕ್‌ಲಿಯಲ್ಲಿ ಫ್ರಾಂಕ್ ಅಸಾರೊ ಮತ್ತು ಸಂಗಡಿಗರು ಆಲ್ಫಾ ವಿಕಿರಣವನ್ನು ಪರೀಕ್ಷಿಸುತ್ತಿದ್ದಾಗ ರೇಡಿಯಂ, ಥೋರಿಯಂ ನ್ಯೂಕ್ಲಿಯಸ್‌ಗಳಲ್ಲಿ ಅನಿರೀಕ್ಷಿತವಾಗಿ ತಗ್ಗಿನಲ್ಲಿದ್ದ ಬೆಸ ಮೆಟ್ಟಿಲೊಂದನ್ನು ಕಂಡರು. ರೇಡಿಯಂ-224ರ ಮೆಟ್ಟಿಲುಗಳನ್ನು ಕಿಲೊ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಹೇಳುವುದಾದರೆ ಎರಡನೆಯದು 84ರಲ್ಲಿ, ಒಂದನೆಯದು 216ರಲ್ಲಿ, ನಾಲ್ಕನೆಯದು 251ರಲ್ಲಿ, ಮೂರನೆಯದು 290ರಲ್ಲಿ. ಹೆಣಿಗೆ ಇದೆ, ಆದರೆ ಸರಿಯಾದ ಅನುಕ್ರಮದಲ್ಲಿಲ್ಲ. ಗಟ್ಟಿಯಾದ ಬುಗುರಿಯಾಗಿದ್ದರೆ ಒಂದನೆಯ ಮೆಟ್ಟಿಲು ಎರಡನೆಯದಕ್ಕಿಂತ ಕೆಳಗಿರಬೇಕಿತ್ತು. ಬೆಸ ಮೆಟ್ಟಿಲುಗಳೆಲ್ಲ ಒಟ್ಟಾಗಿ ಸ್ವಲ್ಪ ಮೇಲಕ್ಕೆ ಎದ್ದಿವೆ.

ಕಾರಣವಿದೆ. ಪ್ರಕೃತಿಯಲ್ಲಿ ಎಡಕ್ಕೆ ತುದಿ ಮಾಡಿದ ಬುಗುರಿಗೂ ಬಲಕ್ಕೆ ತುದಿ ಮಾಡಿದ ಬುಗುರಿಗೂ ಶಕ್ತಿ ಒಂದೇ, ಆದ್ದರಿಂದ ನ್ಯೂಕ್ಲಿಯಸ್ ಎರಡರಲ್ಲಿ ಒಂದನ್ನು ಆರಿಸಿಕೊಂಡು ಕೂರುವುದಿಲ್ಲ. ಅದು ಎರಡರ ಬೆರಕೆಯಾಗಿರುತ್ತದೆ. ಬೆರೆಸುವ ಬಗೆ ಎರಡು, ಕೂಡಿಸುವುದು ಮತ್ತು ಕಳೆಯುವುದು. ಕೂಡಿಸಿದ್ದರಿಂದ ಸಮ ಮೆಟ್ಟಿಲುಗಳು, ಕಳೆದದ್ದರಿಂದ ಬೆಸ ಮೆಟ್ಟಿಲುಗಳು. ಬುಗುರಿ ಗಟ್ಟಿಯಾಗಿದ್ದಷ್ಟೂ ಈ ಎರಡು ಸಾಲುಗಳ ಅಂತರ ಕಡಿಮೆ. ತುದಿ ಅತ್ತಿಂದಿತ್ತ ಸುಲಭವಾಗಿ ನುಸುಳುವಂತಿದ್ದರೆ ಅಂತರ ಹೆಚ್ಚು. ಪಕ್ಕದ ರೇಡಾನ್-220ನ್ನು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ: ಎರಡನೆಯ ಮೆಟ್ಟಿಲು 241ರಲ್ಲಿದ್ದರೆ ಒಂದನೆಯದು 645ರಷ್ಟು ಮೇಲಿದೆ.

ಇಲ್ಲೊಂದು ಅನುಮಾನ ಉಳಿಯಿತು. ಗುಂಡಗಿನ ಅಥವಾ ನೇರಳೆಯಂಥ ನ್ಯೂಕ್ಲಿಯಸ್ ಕಂಪಿಸುತ್ತಾ ಕ್ಷಣ ಈ ಕಡೆ ಬುಗುರಿ, ಕ್ಷಣ ಆ ಕಡೆ ಬುಗುರಿ ಆಗುತ್ತಿದ್ದರೂ ಬೆಸ ಮೆಟ್ಟಿಲು ಬರುತ್ತದೆ. ಆಕಾರ ಸ್ಥಿರವಾಗಿ ನಿಂತ ಬುಗುರಿಯನ್ನೂ ಕಂಪಿಸುವ ಬುಗುರಿಯನ್ನೂ ಬೇರೆ ಮಾಡಲು ಮೆಟ್ಟಿಲುಗಳ ಎತ್ತರ ಸಾಲದು. ಮೂರು ಮೆಟ್ಟಿಲುಗಳನ್ನು ಒಂದೇ ಹೆಜ್ಜೆಯಲ್ಲಿ ಹಾರುವ ಜಿಗಿತ ಎಷ್ಟು ಬಲವಾಗಿದೆ ಎಂದು ಅಳೆಯಬೇಕು, ಏಕೆಂದರೆ ಆಕಾರದ ಅಸಮತೆ ನೇರವಾಗಿ ಆ ಜಿಗಿತದಲ್ಲೇ ಕುಳಿತಿದೆ. ತೊಂದರೆಯೆಂದರೆ, ಇಳಿಯುವಾಗ ನ್ಯೂಕ್ಲಿಯಸ್‌ಗೆ ಸಲೀಸಾದ ಬೇರೆ ದಾರಿಗಳಿರುತ್ತವೆ. ಆ ಮೂರರ ಜಿಗಿತವನ್ನು ಅದು ಹಾಕುವುದು ತೀರಾ ವಿರಳ. ಇಳಿಯುವಾಗ ಸಿಗದ್ದನ್ನು ಹತ್ತಿಸುವಾಗ ಹಿಡಿಯಬೇಕಾಯಿತು.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಐಸೋಲ್ಡೆ ಎಂಬ ಸೌಲಭ್ಯದಲ್ಲಿ ಅದು ನಡೆಯಿತು. ನನಗೆ ಈ ಪ್ರಯೋಗದ ಮೇಲೆ ತುಂಬ ಗೌರವ. ರೇಡಿಯಂ-224ರ ಅರ್ಧಾಯು 3.6 ದಿನ, ರೇಡಾನ್-220ರದ್ದು ಒಂದು ನಿಮಿಷಕ್ಕೂ ಕಡಿಮೆ. ಡಬ್ಬಿಯಲ್ಲಿಟ್ಟುಕೊಂಡು ಪರೀಕ್ಷಿಸುವ ಪದಾರ್ಥಗಳಲ್ಲ ಇವು. ಅಲ್ಲೇ ಹುಟ್ಟಿಸಿ, ಅಲ್ಲೇ ಅಳೆಯಬೇಕು. 1.4 ಗಿಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಪ್ರೋಟಾನ್‌ಗಳನ್ನು ಯುರೇನಿಯಂ ಕಾರ್ಬೈಡಿಗೆ ಅಪ್ಪಳಿಸಿದರು. ಯುರೇನಿಯಂ ಚೂರಾಗಿ ನೂರಾರು ಬಗೆಯ ನ್ಯೂಕ್ಲಿಯಸ್‌ಗಳು ಹುಟ್ಟುತ್ತವೆ. ಕೆಂಪಗೆ ಕಾಯ್ದ ಆ ಗುರಿಯಿಂದ ಹೊರಗೆ ಸೋರಿ ಬಂದವುಗಳಲ್ಲಿ ಬೇಕಾದದ್ದನ್ನು ಕಾಂತಕ್ಷೇತ್ರದಿಂದ ಆರಿಸಿ, ಮತ್ತೆ ವೇಗ ಕೊಟ್ಟು, ನಿಕ್ಕಲ್, ಕ್ಯಾಡ್ಮಿಯಂ, ತವರಗಳ ತೆಳು ಹಾಳೆಯ ಮೇಲೆ ಬಿಟ್ಟರು.

ಕೊಟ್ಟ ವೇಗವೇ ಇಲ್ಲಿ ಜಾಣತನ. ಬೆಳಕಿನ ವೇಗದ ಸುಮಾರು ಶೇಕಡ 8. ಅದಕ್ಕಿಂತ ಹೆಚ್ಚಾದರೆ ಎರಡು ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ತಾಗಿ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಈ ವೇಗದಲ್ಲಿ ಅವು ತಾಗುವುದಿಲ್ಲ. ಹತ್ತಿರ ಬಂದು, ಧನ ಆವೇಶಗಳ ವಿಕರ್ಷಣೆಯಿಂದ ದೂರ ಸರಿಯುತ್ತವೆ. ಹಾದುಹೋಗುವಾಗ ಒಂದರ ವಿದ್ಯುತ್ ಕ್ಷೇತ್ರ ಇನ್ನೊಂದನ್ನು ಮುಟ್ಟದೆಯೇ ತಿರುಗಿಸುತ್ತದೆ, ಮೆಟ್ಟಿಲು ಹತ್ತಿಸುತ್ತದೆ. ವಿದ್ಯುತ್ ಬಲದ ಲೆಕ್ಕ ನಮಗೆ ಪಕ್ಕಾ ಗೊತ್ತಿರುವುದರಿಂದ, ಎಷ್ಟು ನ್ಯೂಕ್ಲಿಯಸ್‌ಗಳು ಎಷ್ಟನೆಯ ಮೆಟ್ಟಿಲಿಗೆ ಹತ್ತಿದವು ಎಂದು ತಿಳಿದರೆ ಆಕಾರವನ್ನು ಹಿಂದಕ್ಕೆ ಲೆಕ್ಕ ಹಾಕಬಹುದು. ಅದನ್ನು ಎಣಿಸಿದ್ದು ಮಿನಿಬಾಲ್ ಎಂಬ ಜರ್ಮೇನಿಯಂ ಗಾಮಾ ಪತ್ತೆಕಾರಕಗಳ ಗುಂಪು.

2013ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು. ತಂಡವನ್ನು ಮುನ್ನಡೆಸಿದವರು ಲಿವರ್‌ಪೂಲ್ ವಿಶ್ವವಿದ್ಯಾಲಯದ ಪೀಟರ್ ಬಟ್ಲರ್, ಮೊದಲ ಲೇಖಕ ಲಿಯಾಮ್ ಗ್ಯಾಫ್ನಿ. ರೇಡಿಯಂ-224 ನಿಂತ ಬುಗುರಿ, ರೇಡಾನ್-220 ಕಂಪಿಸುವ ಬುಗುರಿ. 2016ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ಬೇರಿಯಂ-144ನ್ನೂ ಹೀಗೆಯೇ ಅಳೆದರು. ಅದರ ಅಸಮತೆ ಸಿದ್ಧಾಂತಗಳು ಹೇಳಿದ್ದಕ್ಕಿಂತ ದೊಡ್ಡದಾಗಿ ಕಂಡಿತು, ಆದರೆ ಅಳತೆಯ ದೋಷಮಿತಿಯೂ ದೊಡ್ಡದಿದೆ.

ಬೇರಿಯಂ ಎಂಬ ಹೆಸರು ಈ ಕ್ಷೇತ್ರದಲ್ಲಿ ಸುಮ್ಮನೆ ದಾಟಿಹೋಗುವಂಥದ್ದಲ್ಲ. 1938ರ ಡಿಸೆಂಬರಿನಲ್ಲಿ ಬರ್ಲಿನ್‌ನಲ್ಲಿ ಓಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ಹೊಡೆದಾಗ ಸಿಕ್ಕಿದ್ದು ಬೇರಿಯಂ. ಯುರೇನಿಯಂ ಎರಡಾಗಿ ಒಡೆದಿದೆ ಎಂದು ಅದರ ಅರ್ಥವನ್ನು ಬಿಡಿಸಿ ಹೇಳಿದವರು ಲೀಸೆ ಮೈಟ್ನರ್ ಮತ್ತು ಓಟೊ ಫ್ರಿಶ್. ಅವರು ಬಳಸಿದ ಚಿತ್ರ ನೀರಿನ ಹನಿಯದ್ದು. ಆದರೆ ಹನಿಯಂತೆ ಒಡೆಯುವುದಾದರೆ ಎರಡು ಸಮ ಭಾಗ ಆಗಬೇಕಿತ್ತು. ಯುರೇನಿಯಂ-235 ಹಾಗೆ ಒಡೆಯುವುದಿಲ್ಲ. ಕಣಗಳ ಲೆಕ್ಕದಲ್ಲಿ ಒಂದು ತುಂಡು 140ರ ಸುತ್ತಮುತ್ತ, ಇನ್ನೊಂದು 95ರ ಸುತ್ತಮುತ್ತ. ಸಮಪಾಲು ತೀರಾ ಅಪರೂಪ.

ಈ ಅಸಮ ಪಾಲು ದಶಕಗಳ ಕಾಲ ದೊಡ್ಡ ದೊಡ್ಡವರನ್ನು ಕಾಡಿತು. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರು 1960ರ ದಶಕದಲ್ಲಿ ಟ್ರಾಂಬೆಯಲ್ಲಿ ಸಹೋದ್ಯೋಗಿಗಳೊಂದಿಗೆ ಇದಕ್ಕೊಂದು ಸಂಖ್ಯಾಶಾಸ್ತ್ರೀಯ ಸಿದ್ಧಾಂತ ಕಟ್ಟಿದರು: ಒಡೆಯುವ ಮುನ್ನ ಎರಡು ತುಂಡುಗಳು ತಾಗಿಕೊಂಡಿರುವಾಗ ಕಣಗಳು ಯಾದೃಚ್ಛಿಕವಾಗಿ ಆಚೀಚೆ ವಿನಿಮಯವಾಗುತ್ತವೆ, ಅಂತಿಮ ಪಾಲನ್ನು ಆ ವಿನಿಮಯ ನಿರ್ಧರಿಸುತ್ತದೆ ಎಂಬ ನೋಟ ಅದು. ಬಾಂಬಿನ ಹೆಸರಿನಲ್ಲಿ ಮಾತ್ರ ಅವರನ್ನು ನೆನೆಯುವ ನಮ್ಮ ಜನಕ್ಕೆ ಅವರ ಈ ಕೆಲಸವೂ ತಿಳಿದಿರಬೇಕು ಎಂದು ನನ್ನ ಆಸೆ.

ಬಹುಕಾಲ ಚಾಲ್ತಿಯಲ್ಲಿದ್ದ ಇನ್ನೊಂದು ವಿವರಣೆ ತವರ-132ರದ್ದು. 50 ಪ್ರೋಟಾನ್, 82 ನ್ಯೂಟ್ರಾನ್, ಎರಡೂ ತುಂಬಿದ ಶೆಲ್. ದೊಡ್ಡ ತುಂಡು ಈ ಗುಂಡಗಿನ ನ್ಯೂಕ್ಲಿಯಸ್‌ ಕಡೆಗೆ ಎಳೆಯಲ್ಪಡುತ್ತದೆ ಎನ್ನುತ್ತಿದ್ದರು. ಆದರೆ ಅಳೆದು ನೋಡಿದರೆ ದೊಡ್ಡ ತುಂಡಿನ ಪ್ರೋಟಾನ್ ಸಂಖ್ಯೆ 50ರಲ್ಲಿ ನಿಲ್ಲದೆ 54ರ ಸುತ್ತ ನಿಲ್ಲುತ್ತದೆ. 2018ರಲ್ಲಿ ಗಿಯೋಮ್ ಸ್ಕಾಂಪ್ಸ್ ಮತ್ತು ಸೆಡ್ರಿಕ್ ಸಿಮೆನೆಲ್ ಈ ಕಗ್ಗಂಟಿಗೆ ಬುಗುರಿಯ ಉತ್ತರ ಕೊಟ್ಟರು. ಒಡೆಯುವ ಗಳಿಗೆಯಲ್ಲಿ ಎರಡು ತುಂಡುಗಳ ನಡುವೆ ಸಣ್ಣ ಕತ್ತು ಇರುತ್ತದೆ; ಪ್ರತಿ ತುಂಡೂ ಕತ್ತಿನ ಕಡೆ ಚಾಚಿಕೊಂಡು ಬುಗುರಿಯ ಆಕಾರ ತಳೆಯಲೇಬೇಕು. ತವರ-132 ಗುಂಡಗಿರಲು ಹಠ ಹಿಡಿಯುತ್ತದೆ, ಹಾಗಾಗಿ ಅದಕ್ಕೆ ಅಲ್ಲಿ ಜಾಗವಿಲ್ಲ. 52ರಿಂದ 56 ಪ್ರೋಟಾನ್ ಇರುವವು ಸಲೀಸಾಗಿ ಬುಗುರಿಯಾಗುತ್ತವೆ. ದೊಡ್ಡ ತುಂಡಿನ ಪಟ್ಟ ಅವುಗಳಿಗೇ ಸಿಗುತ್ತದೆ. 56 ಎಂದರೆ ಬೇರಿಯಂ. ಹಾನ್ ಅವರ ಪರೀಕ್ಷಾನಳಿಕೆಗೆ ಆ ಧಾತುವೇ ಏಕೆ ಬಂದು ಬಿತ್ತು ಎಂಬುದಕ್ಕೆ ಎಂಬತ್ತು ವರ್ಷಗಳ ನಂತರ ದೊರೆತ ಈ ಕಾರಣ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಬುಗುರಿಯ ಇನ್ನೊಂದು ಉಪಯೋಗ ಇದಕ್ಕಿಂತ ಆಳದ್ದು. ವಿಶ್ವದಲ್ಲಿ ದ್ರವ್ಯ ಇಷ್ಟಿದ್ದು ಪ್ರತಿದ್ರವ್ಯ ಏಕಿಲ್ಲ ಎಂಬ ಪ್ರಶ್ನೆ ಎಲ್ಲರೂ ಕೇಳಿರುವಂಥದ್ದೇ. ಆರಂಭದಲ್ಲಿ ಎರಡೂ ಸಮನಾಗಿ ಹುಟ್ಟಿ ಒಂದನ್ನೊಂದು ನುಂಗಿಹಾಕಬೇಕಿತ್ತು. ನೂರು ಕೋಟಿಗೆ ಸರಿಸುಮಾರು ಒಂದರಂತೆ ದ್ರವ್ಯ ಹೆಚ್ಚಾಗಿ ಉಳಿದದ್ದರಿಂದ ನಾವಿದ್ದೇವೆ. ಹಾಗಾಗಲು ದ್ರವ್ಯಕ್ಕೂ ಪ್ರತಿದ್ರವ್ಯಕ್ಕೂ ಪ್ರಕೃತಿಯ ನಿಯಮಗಳಲ್ಲೇ ತಾರತಮ್ಯ ಇರಬೇಕು ಎಂದು 1967ರಲ್ಲಿ ಆಂದ್ರೇ ಸಖರೋವ್ ತೋರಿಸಿದರು. ಅಂಥ ತಾರತಮ್ಯ ಕೆಲವು ಕಣಗಳಲ್ಲಿ ಸಿಕ್ಕಿದೆ, ಆದರೆ ಲೆಕ್ಕಕ್ಕೆ ಏನೇನೂ ಸಾಲದು. ಇನ್ನೂ ಎಲ್ಲೋ ಇದೆ. ಆ ತಾರತಮ್ಯ ಇರುವಲ್ಲಿ ಇನ್ನೊಂದು ಲಕ್ಷಣವೂ ಇರುತ್ತದೆ: ಕಾಲವನ್ನು ಹಿಂದಕ್ಕೆ ಓಡಿಸಿದರೆ ನಿಯಮ ಬದಲಾಗುತ್ತದೆ.

ಇದನ್ನು ಬುಗುರಿಯಲ್ಲಿ ಹೇಗೆ ಹುಡುಕುವುದು? ರೇಡಿಯಂ-225ರಲ್ಲಿ ಜೋಡಿಯಿಲ್ಲದ ನ್ಯೂಟ್ರಾನ್ ಒಂದಿದೆ. ಅದರ ಭ್ರಮಣೆ (ಸ್ಪಿನ್) ಬುಗುರಿಯ ಅಕ್ಷಕ್ಕೆ ಅಂಟಿಕೊಂಡಿರುತ್ತದೆ, ಹಾಗಾಗಿ ಇಲ್ಲಿ ಮಾತ್ರ ನಿಜವಾದ ಬುಗುರಿಯನ್ನು ನೆನೆಯಬಹುದು. ಚಾಟಿಯಿಂದ ಬಿಟ್ಟ ಬುಗುರಿ ತಿರುಗುವುದನ್ನು ಮೊಬೈಲಿನಲ್ಲಿ ಚಿತ್ರಿಸಿ ಹಿಂದುಮುಂದಾಗಿ ಓಡಿಸಿ. ತಿರುಗುವ ದಿಕ್ಕು ತಿರುವುಮುರುವಾಗುತ್ತದೆ, ಮೊಳೆ ಮಾತ್ರ ಕೆಳಗೇ ಇರುತ್ತದೆ. ಕಾಲದ ದಿಕ್ಕಿಗೆ ಪ್ರಕೃತಿ ಬೆಲೆ ಕೊಡದಿದ್ದರೆ, ಬಲಕ್ಕೆ ತಿರುಗುವ ಬುಗುರಿಗಳಲ್ಲಿ ಅರ್ಧ ಮೇಲ್ಮುಖ, ಅರ್ಧ ಕೆಳಮುಖ ಆಗಿರಬೇಕು. ಬೆಲೆ ಕೊಡುವುದಾದರೆ ಆ ಸಮತೋಲ ಕೂದಲೆಳೆಯಷ್ಟು ಒಂದು ಕಡೆಗೆ ವಾಲಬೇಕು. ಆಗ ನ್ಯೂಕ್ಲಿಯಸ್‌ನ ಆವೇಶವೂ ಭ್ರಮಣೆಯ ದಿಕ್ಕಿನಲ್ಲಿ ಓರೆಯಾಗಿ, ಪರಮಾಣುವಿಗೆ ಒಂದು ವಿದ್ಯುತ್ ದ್ವಿಧ್ರುವ, ಎಂದರೆ ಒಂದು ಕಡೆ ತುಸು ಧನ, ಇನ್ನೊಂದು ಕಡೆ ತುಸು ಋಣ, ಹುಟ್ಟುತ್ತದೆ. ಗುಂಡಗಿನ ನ್ಯೂಕ್ಲಿಯಸ್‌ನಲ್ಲೂ ಇದು ಹುಟ್ಟಬಹುದು, ಆದರೆ ಅಲ್ಲಿ ವಾಲಿಸಲು ಸಿದ್ಧವಾದ ತುದಿಯೇ ಇಲ್ಲ. ಬುಗುರಿಯಲ್ಲಿ ತುದಿ ಈಗಾಗಲೇ ಇದೆ, ಕೂಡಿಸಿದ ಮತ್ತು ಕಳೆದ ಸ್ಥಿತಿಗಳ ಅಂತರವೂ ಬರೀ 55 ಕಿಲೊ ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ಪರಿಣಾಮ ನೂರರಿಂದ ಸಾವಿರ ಪಟ್ಟು ಹಿಗ್ಗುತ್ತದೆ ಎಂದು ಸಿದ್ಧಾಂತದ ಅಂದಾಜು.

2015ರಲ್ಲಿ ಆರ್ಗಾನ್ ಪ್ರಯೋಗಾಲಯದಲ್ಲಿ ಲೇಸರ್‌ಗಳಿಂದ ರೇಡಿಯಂ-225 ಪರಮಾಣುಗಳನ್ನು ಹಿಡಿದಿಟ್ಟು ಮೊದಲ ಬಾರಿ ಹುಡುಕಿದರು, ಮರುವರ್ಷ ಇನ್ನೂ ಸೂಕ್ಷ್ಮವಾಗಿ. ಏನೂ ಸಿಗಲಿಲ್ಲ. ಸಿಯಾಟಲ್‌ನಲ್ಲಿ ಪಾದರಸ-199ರ ಮೇಲೆ ದಶಕಗಳಿಂದ ನಡೆದಿರುವ ಅಳತೆ ಇದಕ್ಕಿಂತ ಬಹಳ ನಿಖರ, ಎಷ್ಟೆಂದರೆ ಬುಗುರಿಯ ಸಾವಿರ ಪಟ್ಟು ಅನುಕೂಲವೂ ಆ ಅಂತರವನ್ನು ಇನ್ನೂ ತುಂಬಿಲ್ಲ. 2020ರಲ್ಲಿ ಐಸೋಲ್ಡೆಯಲ್ಲಿ ರೇಡಿಯಂ ಮಾನೊಫ್ಲೋರೈಡ್ ಎಂಬ ಅಣುವಿನ ಲೇಸರ್ ಅಧ್ಯಯನ ಪ್ರಕಟವಾಯಿತು. ಅಣುವಿನೊಳಗಿನ ಪ್ರಬಲ ವಿದ್ಯುತ್ ಕ್ಷೇತ್ರ ಈ ಹುಡುಕಾಟವನ್ನು ಮತ್ತಷ್ಟು ಹರಿತಗೊಳಿಸುತ್ತದೆ. ನನ್ನ ಭರವಸೆ ಇರುವುದು ಆ ದಾರಿಯ ಮೇಲೆ.

ಆಕಾರ ಅಳೆಯುವವರ ಕೆಲಸ ಇಲ್ಲಿಯೂ ಮುಗಿಯುವುದಿಲ್ಲ. ನಾಳೆ ಆ ದ್ವಿಧ್ರುವ ಸಿಕ್ಕಿತು ಎಂದೇ ಇಟ್ಟುಕೊಳ್ಳಿ; ಅದರ ಹಿಂದಿನ ಮೂಲ ಬಲ ಎಷ್ಟು ಎಂದು ಹೇಳಲು ಬುಗುರಿಯ ತುದಿ ಎಷ್ಟು ಚಾಚಿದೆ ಎಂಬ ಅಂಕಿ ಬೇಕೇ ಬೇಕು. 2019ರಲ್ಲಿ ಬಟ್ಲರ್ ಅವರ ತಂಡ ರೇಡಾನ್-224 ಮತ್ತು 226ನ್ನು ಅಳೆದು, ಅವೂ ಬರೀ ಕಂಪಿಸುವವು ಎಂದು ತೋರಿಸಿತು. ರೇಡಾನ್ ಪರಮಾಣುವಿನಲ್ಲಿ ದ್ವಿಧ್ರುವ ಹುಡುಕುವ ಯೋಚನೆಗೆ ಅದರಿಂದ ಹಿನ್ನಡೆಯಾಯಿತು. ವರ್ಷಗಟ್ಟಲೆ ಶ್ರಮ ತಪ್ಪು ಜಾಗದಲ್ಲಿ ಹೋಗುವುದೂ ಉಳಿಯಿತು. ಹುಡುಕಾಟ ಈಗ ರೇಡಿಯಂ-225ರ ಮೇಲೆ ನಿಂತಿದೆ. ಅದರ ಅರ್ಧಾಯು ಸುಮಾರು 15 ದಿನ. ತಯಾರಾದ ದಿನದಿಂದ ಎರಡು ವಾರ ಕಳೆಯುವಷ್ಟರಲ್ಲಿ ಅರ್ಧ ಬುಗುರಿಗಳು ಮಾಯವಾಗಿರುತ್ತವೆ, ಉಳಿದರ್ಧದ ಮೇಲೆ ಅಳತೆ ನಡೆಯುತ್ತಿರುತ್ತದೆ.